ಹತ್ತಿರದ ನಕ್ಷತ್ರಗಳ ದೂರವನ್ನು ಅಳೆಯುವುದು ಹೇಗೆ?

ಸೂರ್ಯನನ್ನು ಬಿಟ್ಟರೆ ನಮಗೆ ಅತ್ಯಂತ ಸಮೀಪದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ. ಅದು 4.24 ಜ್ಯೋತಿರ್ವರ್ಷ, ಅಂದರೆ ಸುಮಾರು 40 ಲಕ್ಷ ಕೋಟಿ ಕಿಲೋಮೀಟರ್ ದೂರದಲ್ಲಿದೆ. ಇಷ್ಟು ದೂರವನ್ನು ಭೂಮಿಯಲ್ಲೇ ನಿಂತು ಅಳೆಯಲು ಖಗೋಳಶಾಸ್ತ್ರಜ್ಞರು ಬಳಸುವ ವಿಧಾನದ ಹೆಸರು ಪ್ಯಾರಲಾಕ್ಸ್.

ಮೊದಲು ವಿಧಾನದ ತಿರುಳನ್ನು ಕೈಯಲ್ಲೇ ಪರೀಕ್ಷಿಸಿಕೊಳ್ಳಿ. ತೋಳನ್ನು ಪೂರ್ತಿ ಚಾಚಿ, ಹೆಬ್ಬೆರಳನ್ನು ಎದುರು ಗೋಡೆಯ ಒಂದು ಗುರುತಿಗೆ ನೇರವಾಗಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ. ಬಳಿಕ ಅದನ್ನು ತೆರೆದು ಇನ್ನೊಂದನ್ನು ಮುಚ್ಚಿ. ಬೆರಳು ಅಲುಗದಿದ್ದರೂ ಗುರುತಿನಿಂದ ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ಬೆರಳನ್ನು ಮೂಗಿನ ಬಳಿಗೆ ತಂದಷ್ಟೂ ಈ ಸರಿತ ಹೆಚ್ಚುತ್ತದೆ.

ಎರಡನೆಯ ಹಂತ ನಕ್ಷತ್ರದ ಆಯ್ಕೆ. ಹೊಳೆಯುವುದೆಲ್ಲ ಹತ್ತಿರದ್ದೆಂದು ನಂಬಿದರೆ ಇಲ್ಲಿಯೇ ಎಡವುತ್ತೇವೆ. ರಾತ್ರಿಯ ಆಕಾಶದ ಅತಿ ಪ್ರಕಾಶಮಾನ ನಕ್ಷತ್ರವಾದ ಲುಬ್ಧಕವೇನೋ (ಸಿರಿಯಸ್) 8.6 ಜ್ಯೋತಿರ್ವರ್ಷದಷ್ಟು ಸಮೀಪದಲ್ಲಿದೆ, ನಿಜ. ಆದರೆ ಪ್ರಾಕ್ಸಿಮಾ, ಬರ್ನಾರ್ಡ್ ನಕ್ಷತ್ರ, ವುಲ್ಫ್ 359 ಮುಂತಾದ ನೆರೆಯ ಕೆಂಪು ಕುಬ್ಜಗಳಲ್ಲಿ (ಚಿಕ್ಕ, ಮಂಕಾದ ನಕ್ಷತ್ರಗಳಲ್ಲಿ) ಒಂದೂ ಬರಿಗಣ್ಣಿಗೆ ಕಾಣುವುದಿಲ್ಲ. ಪ್ರಾಕ್ಸಿಮಾ ಪತ್ತೆಯಾದದ್ದೇ 1915ರಲ್ಲಿ. ಆದ್ದರಿಂದ ಹೊಳಪನ್ನು ನೆಚ್ಚದೆ, ಆಕಾಶದಲ್ಲಿ ವರ್ಷದಿಂದ ವರ್ಷಕ್ಕೆ ಬೇಗ ಜರುಗುವ ನಕ್ಷತ್ರವನ್ನು ಆರಿಸುವುದು ಜಾಣತನ; ಹತ್ತಿರವಿದ್ದಷ್ಟೂ ಜರುಗುವಿಕೆ ಸಾಮಾನ್ಯವಾಗಿ ಹೆಚ್ಚಾಗಿ ಕಾಣುತ್ತದೆ. ಜರ್ಮನಿಯ ಖಗೋಳಶಾಸ್ತ್ರಜ್ಞ ಫ್ರೆಡ್ರಿಕ್ ಬೆಸೆಲ್ ಮಾಡಿದ್ದೂ ಅದನ್ನೇ: 61 ಸಿಗ್ನಿ ಎಂಬ ಮಂಕಾದ ನಕ್ಷತ್ರವನ್ನು ಆರಿಸಿಕೊಂಡು 1838ರಲ್ಲಿ ಅದರ ದೂರವನ್ನು ಪ್ರಕಟಿಸಿದರು. ಆಲ್ಫಾ ಸೆಂಟಾರಿಯನ್ನು ಅದಕ್ಕೂ ಮುಂಚೆ ಅಳೆದಿದ್ದ ಸ್ಕಾಟ್ಲೆಂಡಿನ ಥಾಮಸ್ ಹೆಂಡರ್ಸನ್ ಫಲಿತಾಂಶವನ್ನು ಪ್ರಕಟಿಸಿದ್ದು 1839ರಲ್ಲಿ, ತಡವಾಗಿ.

ಮೂರನೆಯದಾಗಿ, ಆ ನಕ್ಷತ್ರದ ಚಿತ್ರವನ್ನು ಆರು ತಿಂಗಳ ಅಂತರದಲ್ಲಿ ಎರಡು ಬಾರಿ ತೆಗೆಯಬೇಕು. ಅಷ್ಟರಲ್ಲಿ ಭೂಮಿ ತನ್ನ ಕಕ್ಷೆಯ ಎದುರು ತುದಿಗೆ ಹೋಗಿರುವುದರಿಂದ ಎರಡು ಕಣ್ಣುಗಳ ನಡುವಿನ ಅಂತರ ಸುಮಾರು 30 ಕೋಟಿ ಕಿಲೋಮೀಟರ್ ಆದಂತಾಗುತ್ತದೆ. ಬಹುದೂರದ ಹಿನ್ನೆಲೆ ನಕ್ಷತ್ರಗಳೇ ಇಲ್ಲಿ ಗೋಡೆಯ ಗುರುತುಗಳು. ಕಂಡ ಸರಿತದ ಅರ್ಧವೇ ಪ್ಯಾರಲಾಕ್ಸ್ ಕೋನ. ಪ್ರಾಕ್ಸಿಮಾಕ್ಕೆ ಅದು 0.768 ಆರ್ಕ್ ಸೆಕೆಂಡ್ (ಒಂದು ಡಿಗ್ರಿಯನ್ನು 3,600 ಭಾಗ ಮಾಡಿದರೆ ಒಂದು ಭಾಗವೇ ಆರ್ಕ್ ಸೆಕೆಂಡ್). ಒಂದು ಸೆಂಟಿಮೀಟರ್ ಅಗಲದ ಗುಂಡಿಯನ್ನು 2.7 ಕಿಲೋಮೀಟರ್ ಆಚೆ ಇಟ್ಟು ನೋಡಿದರೆ ಅದು ಎಷ್ಟು ಕಾಣುವುದೋ ಅಷ್ಟು.

ನಿಜವಾದ ತೊಡಕು ಮುಂದಿದೆ. ನಕ್ಷತ್ರಗಳು ತಾವೂ ಚಲಿಸುತ್ತವೆ. ಬರ್ನಾರ್ಡ್ ನಕ್ಷತ್ರ ವರ್ಷಕ್ಕೆ 10.4 ಆರ್ಕ್ ಸೆಕೆಂಡ್ ಜರುಗುತ್ತದೆ. ಭೂಮಿಯ ಚಲನೆಯಿಂದ ಕಾಣುವ ಓಲಾಟವಾದರೋ ಒಟ್ಟು 1.1 ಆರ್ಕ್ ಸೆಕೆಂಡ್ ಮಾತ್ರ. ಎರಡೂ ಕೂಡಿದಾಗ ಅದರ ದಾರಿ ನೇರ ಗೆರೆಯಾಗದೆ ಅಲೆಯಂತೆ ಬಳುಕುತ್ತದೆ. ಹೀಗಾಗಿ ಎರಡು ಚಿತ್ರಗಳನ್ನು ಮಾತ್ರ ನೆಚ್ಚಿಕೊಳ್ಳದೆ, ಹಲವು ವರ್ಷಗಳ ಚಿತ್ರಗಳಿಂದ ನೇರ ಜರುಗುವಿಕೆಯನ್ನು ಕಳೆದು, ವರ್ಷಕ್ಕೊಮ್ಮೆ ಮರುಕಳಿಸುವ ಬಳುಕನ್ನು ಮಾತ್ರ ಉಳಿಸಿಕೊಳ್ಳಬೇಕು. 2013ರಲ್ಲಿ ಉಡಾವಣೆಯಾದ ಗಾಯಾ ಬಾಹ್ಯಾಕಾಶ ದೂರದರ್ಶಕ ನೂರು ಕೋಟಿಗೂ ಹೆಚ್ಚು ನಕ್ಷತ್ರಗಳಿಗೆ ಈ ಕೆಲಸವನ್ನು ಮಾಡಿದೆ.

ಉಳಿದದ್ದು ಸುಲಭದ ಭಾಗಾಕಾರ. 1 ಎಂಬ ಸಂಖ್ಯೆಯನ್ನು ಆರ್ಕ್ ಸೆಕೆಂಡ್‌ಗಳಲ್ಲಿರುವ ಕೋನದಿಂದ ಭಾಗಿಸಿದರೆ ದೂರ ಪಾರ್ಸೆಕ್ ಎಂಬ ಮಾನದಲ್ಲಿ ಸಿಗುತ್ತದೆ, ಅದನ್ನು 3.26ರಿಂದ ಗುಣಿಸಿದರೆ ಜ್ಯೋತಿರ್ವರ್ಷ. ಪ್ರಾಕ್ಸಿಮಾಕ್ಕೆ 1 ÷ 0.768 = 1.302, ಗುಣಿಸಿದರೆ 4.24. 61 ಸಿಗ್ನಿಗೆ ಬೆಸೆಲ್‌ಗೆ ದೊರೆತ ಕೋನ 0.314, ಇಂದಿನ ಅಳತೆ 0.286. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಅವರ ಉತ್ತರ 11.4ರ ಬದಲು 10.4 ಜ್ಯೋತಿರ್ವರ್ಷವಾಯಿತು.

ಈ ಸರಿತವನ್ನು ಉಪಕರಣದ ಸೂಕ್ಷ್ಮತೆಯಿಲ್ಲದೆ, ಚಿತ್ರದಲ್ಲೇ ಕಾಣಲೂ ಸಾಧ್ಯವಿದೆ. 2020ರ ಏಪ್ರಿಲ್‌ನಲ್ಲಿ ನಮ್ಮಿಂದ ಸುಮಾರು 700 ಕೋಟಿ ಕಿಲೋಮೀಟರ್ ದೂರದಲ್ಲಿದ್ದ ನಾಸಾದ ನ್ಯೂ ಹೊರೈಜನ್ಸ್ ಬಾಹ್ಯಾಕಾಶ ನೌಕೆ ಪ್ರಾಕ್ಸಿಮಾ ಮತ್ತು ವುಲ್ಫ್ 359ರ ಚಿತ್ರಗಳನ್ನು ತೆಗೆಯಿತು. ಅವನ್ನು ಭೂಮಿಯಿಂದ ತೆಗೆದ ಚಿತ್ರಗಳ ಪಕ್ಕದಲ್ಲಿಟ್ಟರೆ, ಹಿನ್ನೆಲೆಯ ನಕ್ಷತ್ರಗಳೆಲ್ಲ ಇದ್ದಲ್ಲೇ ಇದ್ದು, ಆ ಒಂದೊಂದು ಚುಕ್ಕಿ ಮಾತ್ರ ಹೆಬ್ಬೆರಳಿನಂತೆ ಪಕ್ಕಕ್ಕೆ ಸರಿದಿರುವುದು ಯಾರಿಗಾದರೂ ಕಾಣುತ್ತದೆ.