ಸಾವಿನ ಮನೆಗೆ ರೊಟ್ಟಿ ಬುತ್ತಿ

ಓಣಿಯಲ್ಲಿ ಒಂದು ಸಾವಾದರೆ ಆ ಮನೆಯ ಒಲೆ ಹೊತ್ತುವುದಿಲ್ಲ, ಸುತ್ತಲಿನ ಮನೆಗಳ ಹಂಚು ಕಾಯುತ್ತದೆ. ನಮ್ಮ ಉತ್ತರ ಕರ್ನಾಟಕದಲ್ಲಿ ಇದು ಹಿಂದಿನಿಂದ ಬಂದದ್ದು. ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು, ಅಂದರೆ ಐದು ಮೈಲಿಗೆಗಳನ್ನು, ಶರಣರು ಒಪ್ಪಲಿಲ್ಲ. ಅವರ ದಾರಿ ಹಿಡಿದು ಸೂತಕ ಹಿಡಿಯದ ಮನೆಗೂ ಬುತ್ತಿ ಹೋಗುತ್ತದೆ, ಯಾಕೆಂದರೆ ಅಂದು ಅಲ್ಲಿ ಹಿಟ್ಟು ನಾದುವ ಕೈಗಳಲ್ಲಿ ಕಸುವಿರುವುದಿಲ್ಲ. ನಮ್ಮ ಮನೆಯಲ್ಲಿ ಅತ್ತೆಯಿಂದ ಸೊಸೆಗೆ ಬಂದ ರೂಢಿ ಇದು.

ಮೊದಲು ಮಂದಿ ಎಣಿಸಿ. 1 ಕಿಲೋ ಜೋಳದ ಹಿಟ್ಟಿಗೆ ನಮ್ಮ ಕೈಯಲ್ಲಿ 18 ರೊಟ್ಟಿ ಆಗುತ್ತವೆ. 20 ಜನಕ್ಕೆ ತಲೆಗೆ ಎರಡರಂತೆ ಎರಡೂವರೆ ಕಿಲೋ ಬೇಕು, ನಾಲ್ಕೈದು ಉಳಿಯುತ್ತವೆ. ಹಿಟ್ಟು ಹೊಸದಾಗಿ ಬೀಸಿದ್ದಿರಲಿ. ಗೋಧಿಯ ಅಂಟು ಜೋಳಕ್ಕಿಲ್ಲ, ಕುದಿಯುವ ಎಸರು ಬಿದ್ದರಷ್ಟೇ ಜಿಗುಟು ಬರುವುದು. ಬಟ್ಟಲು ಹಿಟ್ಟಿಗೆ ಹೆಚ್ಚುಕಡಿಮೆ ಬಟ್ಟಲು ನೀರು: ಮುಕ್ಕಾಲು ಭಾಗ ಎಸರಾಗಿ, ಉಳಿದದ್ದು ನಾದುವಾಗ ಚಿಮುಕಿಸಲು. ಬಡಿಯುವಾಗ ಅಂಚು ಸೀಳುತ್ತಿದ್ದರೆ ನಾದಿದ್ದು ಸಾಲದು, ಇಲ್ಲವೇ ಹಿಟ್ಟು ಹಳತು. ಹಂಚಿಗೆ ಹಾಕಿದ ಕೂಡಲೇ ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಿ, ನೀರು ಆರುತ್ತಿದ್ದಂತೆ ತಿರುವಿ ಹಾಕಿ. ತಡವಾದರೆ ಬಿರುಕು ಬಿಟ್ಟು ರೊಟ್ಟಿ ಉಬ್ಬುವುದಿಲ್ಲ.

ಹೆಚ್ಚಿನವರು ತಪ್ಪುವುದು ಕಟ್ಟುವಾಗ. ಬಿಸಿ ರೊಟ್ಟಿಯನ್ನು ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿದರೆ ಆವಿ ಮುಚ್ಚಳಕ್ಕೆ ಹನಿಗಟ್ಟಿ ಕೆಳಗಿಳಿಯುತ್ತದೆ, ತಳದ ನಾಲ್ಕು ರೊಟ್ಟಿ ತೊಯ್ದು ಎತ್ತಿದರೆ ಹರಿಯುತ್ತವೆ. ಬಿದಿರಿನ ಬುಟ್ಟಿಯಲ್ಲಿ ಒಂದೊಂದನ್ನೂ ಎರಡು ನಿಮಿಷ ಓರೆಯಾಗಿ ನಿಲ್ಲಿಸಿ, ಆವಿ ಹೋದ ಮೇಲೆ ಹಳೆಯ ಧೋತರದಲ್ಲಿ ಸುತ್ತಿ. ಸಂಜೆವರೆಗೆ ಮೆತ್ತಗಿರುತ್ತವೆ. ರಾತ್ರಿ ದೂರದಿಂದ ಬರುವವರಿಗೆಂದು ಹತ್ತು ಖಡಕ್ ರೊಟ್ಟಿ ಬೇರೆ ಕಟ್ಟುತ್ತೇವೆ.

ಜೊತೆಗೆ ಹೆಸರುಕಾಳು ಪಲ್ಯ, ಶೇಂಗಾ ಹಿಂಡಿ ಅಂದರೆ ಶೇಂಗಾ ಚಟ್ನಿಪುಡಿ. ಪುಂಡಿ ಸೊಪ್ಪಿನ ಪಲ್ಯ ಹುಳಿಯಿರುವುದರಿಂದ ಮರುದಿನಕ್ಕೂ ನಿಲ್ಲುತ್ತದೆ. ಖಾರ ಅರ್ಧ ಹಾಕಿ, ಸಿಹಿ ಬೇಡ. ಕೆಲವು ಮನೆಗಳಲ್ಲಿ ಆ ದಿನಗಳಲ್ಲಿ ಒಗ್ಗರಣೆ ನಡೆಯುವುದಿಲ್ಲ. ಅವರ ದಾಯಾದಿಗಳಲ್ಲಿ ಒಬ್ಬರನ್ನು ಕೇಳಿಕೊಳ್ಳಿ, ದುಃಖದಲ್ಲಿರುವವರನ್ನು ಮಾತ್ರ ಕೇಳಬೇಡಿ.

ಅತ್ತತ್ತು ಗಂಟಲು ಕಟ್ಟಿದವರಿಗೆ ರೊಟ್ಟಿ ಇಳಿಯುವುದಿಲ್ಲ. ಅವರಿಗೆ ಜೋಳದ ನುಚ್ಚು: ಬಟ್ಟಲಿಗೆ ನಾಲ್ಕು ಬಟ್ಟಲು ನೀರು, ಮೆತ್ತಗೆ ಬೇಯಿಸಿ ಆರಿಸಿ, ಮಜ್ಜಿಗೆ, ಉಪ್ಪು ಕಲಸಿ ಕುಡಿಯುವಷ್ಟು ತೆಳ್ಳಗೆ ಮಾಡಿ. ಬುತ್ತಿಯಲ್ಲಿ ನನಗೆ ಇದೇ ಮುಖ್ಯ. ಊಟವೇ ಒಲ್ಲೆ ಎಂದ ತಾಯಿಯೂ ಲೋಟ ಹಿಡಿಸಿದರೆ ನಾಲ್ಕು ಗುಟುಕು ಕುಡಿಯುತ್ತಾಳೆ.

ಮಣ್ಣು ಮುಗಿಸಿ ಬಂದವರ ಸ್ನಾನವಾಗುವ ಹೊತ್ತಿಗೆ ಬುತ್ತಿ ಅಲ್ಲಿರಬೇಕು. ಬಾಳೆ ಎಲೆ, ಕುಡಿಯುವ ನೀರು, ಬಡಿಸುವ ಸೌಟು ಜೊತೆಗೇ ಒಯ್ಯಿರಿ, ಅವರ ಅಡುಗೆಮನೆಯಲ್ಲಿ ಏನನ್ನೂ ಹುಡುಕಿಸಬೇಡಿ. ಮುಸುರೆಯನ್ನು ನೀವೇ ತೊಳೆದು ಬನ್ನಿ. ಮೊದಲ ಮೂರು ದಿನ ಎಲ್ಲರ ಬುತ್ತಿಯೂ ಬಂದು ಉಳಿದು ಹಳಸುತ್ತದೆ. ಹಾಗಾಗಿ ಓಣಿಯಲ್ಲಿ ಮಾತಾಡಿಕೊಂಡು, ನೆಂಟರು ಊರಿಗೆ ಹೊರಟ ಮೇಲಿನ ಐದು, ಆರನೆಯ ದಿನವನ್ನು ನಮ್ಮ ಮನೆಗೆ ಕೇಳಿ ಇಟ್ಟುಕೊಳ್ಳುತ್ತೇವೆ. ಆಗ ಅರ್ಧ ಕಿಲೋ ಹಿಟ್ಟು ಸಾಕಾಗುತ್ತದೆ.