ಎದುರಿನವರ ಮಾತನ್ನು ಮೊದಲು ಓದುತ್ತೇನೆ

ದೈನಿಕ ಧಾರಾವಾಹಿಯ ಒಂದು ಕಂತನ್ನು ಧ್ವನಿ ಅಡಗಿಸಿ ನೋಡಿ. ಮಾತನಾಡುವ ಮುಖಗಳಿಗೆ ಸಿಗುವಷ್ಟೇ ಸಮಯ ಕೇಳಿಸಿಕೊಳ್ಳುವ ಮುಖಗಳಿಗೂ ಸಿಗುತ್ತದೆ. ಸೊಸೆ ಒಂದು ಸುಳ್ಳು ಹೇಳಿದರೆ ಸಾಕು, ಅತ್ತೆ, ಮಾವ, ನಾದಿನಿ, ಬಾಗಿಲ ಬಳಿ ನಿಂತ ಅಡುಗೆಯವಳು, ಎಲ್ಲರೂ ಒಬ್ಬೊಬ್ಬರಾಗಿ ತೆರೆ ತುಂಬುತ್ತಾರೆ. ನನ್ನ ವೃತ್ತಿಯ ಬಹುಭಾಗ ಕಳೆದಿರುವುದು ತಾಯಿ, ಅತ್ತೆ, ದೊಡ್ಡಮ್ಮನ ಪಾತ್ರಗಳಲ್ಲಿ. ಅವಕ್ಕೆ ಸಂಭಾಷಣೆ ಕಡಿಮೆ, ರಿಯಾಕ್ಷನ್ ಹೆಚ್ಚು. ಮಾತಿಲ್ಲದ ಆ ಶಾಟುಗಳನ್ನು ಮನಸಾರೆ ಮಾಡಿದ್ದರಿಂದಲೇ ಇಷ್ಟು ವರ್ಷ ನನಗೆ ಕೆಲಸ ಉಳಿಯಿತು ಎಂದು ನಂಬಿದ್ದೇನೆ.

ನಾನು ರಂಗಭೂಮಿಯಿಂದ ಬಂದವಳು. 1994ರಲ್ಲಿ ಉದಯ, 2000ದಲ್ಲಿ ಈಟಿವಿ ಕನ್ನಡ ಆರಂಭವಾದ ಮೇಲೆ ನಮ್ಮಂಥ ನಾಟಕದವರಿಗೆ ಕಿರುತೆರೆಯಲ್ಲಿ ನಿತ್ಯದ ಕೆಲಸ ಸಿಗತೊಡಗಿತು. ದೂರದರ್ಶನದ 13 ಕಂತುಗಳ ಧಾರಾವಾಹಿಯಲ್ಲಿ ಕಥೆ ಎಲ್ಲಿ ಮುಗಿಯುತ್ತದೆ ಎಂಬುದು ಕಲಾವಿದರಿಗೆ ಗೊತ್ತಿರುತ್ತಿತ್ತು. ದೈನಿಕ ಧಾರಾವಾಹಿಯಲ್ಲಿ ನಾಳಿನ ದೃಶ್ಯವೂ ಗೊತ್ತಿರುವುದಿಲ್ಲ. ಗುರುವಾರ ಟಿಆರ್‌ಪಿ ಬರುತ್ತದೆ, ಅದನ್ನು ನೋಡಿ ಕಥೆಯ ಟ್ರ್ಯಾಕ್ ಬದಲಾಗುತ್ತದೆ. ದೃಶ್ಯದ ಹಾಳೆ ಕೈಸೇರುವುದು ಎಷ್ಟೋ ಸಲ ಮೇಕಪ್ ಕುರ್ಚಿಯಲ್ಲಿ ಕುಳಿತಾಗ. ತಿಂಗಳುಗಟ್ಟಲೆ ತಾಲೀಮು ಮಾಡಿ ಪಾತ್ರಕ್ಕೆ ಇಳಿಯುತ್ತಿದ್ದವಳಿಗೆ ಆ ಕುರ್ಚಿಯೇ ತಾಲೀಮಿನ ಮನೆಯಾಯಿತು.

ಅಲ್ಲಿ ನಾನು ಮಾಡುವ ಮೊದಲ ಕೆಲಸ, ನನ್ನ ಸಾಲುಗಳನ್ನು ಬಿಟ್ಟು ಎದುರಿನವರ ಸಾಲುಗಳನ್ನು ಓದುವುದು. ಅವರು ಹೇಳುವುದರಲ್ಲಿ ನನ್ನ ಪಾತ್ರಕ್ಕೆ ಮೊದಲೇ ತಿಳಿದಿರುವುದೆಷ್ಟು, ಹೊಸದೆಷ್ಟು ಎಂದು ನೋಡುತ್ತೇನೆ. ಯಾವ ಪದಕ್ಕೆ ಎದೆ ಧಸಕ್ಕೆನ್ನಬೇಕೋ ಆ ಪದದ ಕೆಳಗೆ ಗೆರೆ ಎಳೆಯುತ್ತೇನೆ. ‘ಅವನು ಮನೆಗೆ ಬಂದಿದ್ದ’ ಎಂಬ ಸಾಲಿನಲ್ಲಿ ‘ಅವನು’ ಎಂಬಲ್ಲೇ ತಾಯಿಗೆ ವಿಷಯ ಹೊಳೆಯಬಹುದು. ಬರುತ್ತಾನೆಂದು ಗೊತ್ತಿದ್ದವಳಾದರೆ ‘ಬಂದಿದ್ದ’ ಎಂಬ ಭೂತಕಾಲ ಅವಳನ್ನು ಚುಚ್ಚಬಹುದು. ಇಷ್ಟು ನಿರ್ಧಾರವಾದರೆ ಮುಖಕ್ಕೆ ಬೇರೆ ಅಪ್ಪಣೆ ಬೇಡ. ನಿರ್ಧರಿಸದೆ ಕ್ಯಾಮೆರಾ ಮುಂದೆ ನಿಂತರೆ ಹುಬ್ಬು ಏರಿಸುವುದು, ಬಾಯಿ ತೆರೆಯುವುದು, ಇವೇ ಗತಿ.

ಒಂದೇ ಮನೆಯ ಸೆಟ್ಟಿನಲ್ಲಿ ಒಂದೇ ದಿನ ಬೇರೆ ಬೇರೆ ಕಂತುಗಳ ದೃಶ್ಯಗಳನ್ನು ತೆಗೆಯುತ್ತಾರೆ. ಬೆಳಿಗ್ಗೆ ಮಗನನ್ನು ಮನೆಯಿಂದ ಹೊರಗೆ ಹಾಕಿದ ತಾಯಿ ಮಧ್ಯಾಹ್ನ, ಅದಕ್ಕೂ ಹಿಂದಿನ ಕಂತಿಗಾಗಿ, ಅವನಿಗೆ ಊಟ ಬಡಿಸಬೇಕು. ಸೀರೆ, ಬಳೆ, ಕುಂಕುಮದ ಕಂಟಿನ್ಯುಟಿಯನ್ನು, ಅಂದರೆ ಅವು ದೃಶ್ಯದಿಂದ ದೃಶ್ಯಕ್ಕೆ ತಪ್ಪದೆ ಹೊಂದುವುದನ್ನು, ಸಹಾಯಕ ನಿರ್ದೇಶಕರು ಮೊಬೈಲಿನಲ್ಲಿ ಫೋಟೋ ತೆಗೆದು ಕಾಯುತ್ತಾರೆ. ಮನಸ್ಸಿನ ಕಂಟಿನ್ಯುಟಿಯನ್ನು ಬರೆದಿಡುವವರು ಯಾರೂ ಇಲ್ಲ. ಅದಕ್ಕಾಗಿ ನನ್ನದೊಂದು ಪುಟ್ಟ ಪುಸ್ತಕವಿದೆ. ಕಂತಿನ ಸಂಖ್ಯೆ, ಆ ದೃಶ್ಯದ ಹೊತ್ತಿಗೆ ನನ್ನ ಪಾತ್ರಕ್ಕೆ ಯಾವ ಗುಟ್ಟು ತಿಳಿದಿದೆ, ಯಾರ ಮೇಲೆ ಮುನಿಸಿದೆ, ಇಷ್ಟನ್ನೇ ಅದರಲ್ಲಿ ಬರೆಯುತ್ತೇನೆ.

ಕ್ಲೋಸ್ ಶಾಟಿನಲ್ಲಿ ರೆಪ್ಪೆಯ ಮೇಲೆ ಹಿಡಿತ ಬೇಕು. ಕಂತಿನ ಕೊನೆಯಲ್ಲಿ ಅದೇ ಮುಖವನ್ನು ಸಂಕಲನಕಾರರು ಮೂರು ಸಲ ತೋರಿಸುವುದುಂಟು; ಅನಗತ್ಯವಾಗಿ ಮಿಟುಕಿಸಿದ ಕಣ್ಣು ಮೂರು ಸಲವೂ ಮಿಟುಕುತ್ತದೆ. ಭಾವ ಮುಗಿದ ಕೂಡಲೇ ದೃಷ್ಟಿ ಕದಲಿಸದೆ, ‘ಕಟ್’ ಕೇಳುವವರೆಗೂ ಹಾಗೆಯೇ ನಿಲ್ಲುವುದನ್ನು ರೂಢಿಸಿಕೊಂಡೆ.

ಎಲ್ಲಕ್ಕಿಂತ ಕಷ್ಟದ್ದು ಎದುರಿಗೆ ಯಾರೂ ಇಲ್ಲದ ರಿಯಾಕ್ಷನ್. ಸಹನಟರ ಕಾಲ್‌ಶೀಟ್, ಅಂದರೆ ಅವರು ಕೊಟ್ಟ ಹೊತ್ತು, ಮುಗಿದಿರುತ್ತದೆ, ಅವರು ಹೊರಟುಬಿಟ್ಟಿರುತ್ತಾರೆ. 2020ರ ಮಾರ್ಚ್‌ನಲ್ಲಿ ನಿಂತ ಚಿತ್ರೀಕರಣ ಮತ್ತೆ ಶುರುವಾದಾಗ ಇದೇ ನಮ್ಮ ದಿನಚರಿಯಾಯಿತು. ಸೆಟ್ಟಿನಲ್ಲಿ ಜನ ಕಡಿಮೆ, ಕಲಾವಿದರ ನಡುವೆ ಅಂತರ. ಒಬ್ಬರ ಭುಜದಾಚೆಯಿಂದ ಇನ್ನೊಬ್ಬರನ್ನು ತೋರಿಸುವ ಸಜೆಷನ್ ಶಾಟುಗಳು ತಗ್ಗಿ, ಒಂಟಿ ಕ್ಲೋಸ್‌ಗಳು ಹೆಚ್ಚಾದವು. ಮರುವರ್ಷದ ಲಾಕ್‌ಡೌನಿನಲ್ಲಿ ಹಲವು ಕನ್ನಡ ಧಾರಾವಾಹಿಗಳ ತಂಡಗಳು ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಗೆ ಹೋದವು, ನಮ್ಮದೂ ಹೋಗಿತ್ತು. ಆಗಿನಿಂದ ನಾನು ಸಹಾಯಕ ನಿರ್ದೇಶಕರಲ್ಲಿ ಒಂದು ಕೋರಿಕೆ ಇಡುತ್ತೇನೆ: ಸಹನಟರ ಎತ್ತರಕ್ಕೆ ಸರಿಯಾಗಿ, ನಾನು ದೃಷ್ಟಿ ನೆಡಬೇಕಾದ ಜಾಗದಲ್ಲಿ ಯಾರಾದರೂ ನಿಲ್ಲಲಿ, ಆ ಸಾಲುಗಳನ್ನು ಓದಲಿ. ನಟಿಸಿ ಓದಬೇಕಾಗಿಲ್ಲ, ಒಂದು ಧ್ವನಿ ಕೇಳಿದರೆ ಸಾಕು. ಗೋಡೆಗೆ ಅಂಟಿಸಿದ ಗುರುತನ್ನು ನೋಡಿ ಅಳಬಹುದು, ಆದರೆ ಅಲ್ಲಿ ಕೇಳಿಸಿಕೊಳ್ಳಲು ಏನೂ ಇರುವುದಿಲ್ಲ.

ತೆಲುಗು ಧಾರಾವಾಹಿಗಳಲ್ಲಿ ನಮ್ಮ ಕನ್ನಡದ ಹೆಣ್ಣುಮಕ್ಕಳು ಅನೇಕರಿದ್ದಾರೆ. ನಾನೂ ಕೆಲಕಾಲ ತಿಂಗಳಲ್ಲಿ ಅರ್ಧ ಅಲ್ಲಿ, ಅರ್ಧ ಬೆಂಗಳೂರಿನಲ್ಲಿ ದುಡಿದೆ. ಅಲ್ಲಿ ಪ್ರಾಂಪ್ಟಿಂಗ್ ಇರುತ್ತದೆ: ಬದಿಯಿಂದ ಒಬ್ಬರು ಸಾಲು ಹೇಳುತ್ತಾರೆ, ನಾವು ಹಿಂದೆಯೇ ಹೇಳುತ್ತೇವೆ, ಆಮೇಲೆ ಬೇರೊಬ್ಬರ ಧ್ವನಿ ಸೇರುತ್ತದೆ. ಪ್ರಾಂಪ್ಟರ್ ಕಡೆಗೆ ಕಿವಿ ಹೋದರೂ ಕಣ್ಣು ಸಹನಟಿಯನ್ನು ಬಿಡಬಾರದು. ಭಾಷೆ ಪೂರ್ತಿ ಬಾರದ ದಿನಗಳಲ್ಲಿ ಅವರ ಮುಖವೇ ನನಗೆ ಅರ್ಥ ಹೇಳುತ್ತಿತ್ತು.

ಪಾತ್ರ ಸತ್ತರೂ ನಮ್ಮ ಕೆಲಸ ಮುಗಿಯುವುದಿಲ್ಲ, ಹಾರ ಹಾಕಿದ ಫೋಟೋ ಗೋಡೆಯ ಮೇಲಿರುತ್ತದೆ. ಅದಕ್ಕೆ ನಿಲ್ಲುವಾಗಲೂ ಕಣ್ಣು ನೇರವಾಗಿ ಲೆನ್ಸಿನತ್ತ ಇರುವಂತೆ ನೋಡಿಕೊಳ್ಳುತ್ತೇನೆ. ಮುಂದೆ ಅದರೆದುರು ನಿಂತು ದುಃಖ ತೋಡಿಕೊಳ್ಳುವ ಹುಡುಗಿಗೆ ಒಂದು ನೋಟ ಸಿಗಬೇಕು.

ಹೊಸದಾಗಿ ಬರುವ ಹುಡುಗಿಯರು ಸಂಭಾವನೆಯ ಬಗ್ಗೆಯೂ ಕೇಳುತ್ತಾರೆ. ನಮಗೆ ಲೆಕ್ಕ ದಿನಗಳ ಮೇಲೆ. ದುಡಿದ ಹಣ ಕೈಸೇರಲು ಎರಡು ಮೂರು ತಿಂಗಳು ಹಿಡಿಯುವುದುಂಟು. ಸೀರೆ, ಒಡವೆಗಳನ್ನು ಬಹಳ ಕಡೆ ನಾವೇ ಹೊಂದಿಸಿಕೊಳ್ಳಬೇಕು, ಶ್ರೀಮಂತ ಮನೆಯ ಅತ್ತೆಯಾದರೆ ಆ ಖರ್ಚೇ ದೊಡ್ಡದು. ತಿಂಗಳಿಗೆ ಕನಿಷ್ಠ ಎಷ್ಟು ದಿನದ ಕೆಲಸ, ಉಡುಪಿನ ವೆಚ್ಚ ಯಾರದು, ಹಣ ಯಾವಾಗ ಬರುತ್ತದೆ, ಈ ಮೂರನ್ನೂ ಒಪ್ಪಂದದ ಕಾಗದದಲ್ಲಿ ಬರೆಸಿಕೊಂಡ ಮೇಲೆಯೇ ಸಹಿ ಹಾಕಿ ಎಂದು ಅವರಿಗೆ ಹೇಳುತ್ತೇನೆ.