ವಿಂಚೆಂಜೊ ವೇಲಾ ಶಿಲ್ಪ ನೋಡೋದು ಹೇಗೆ: ಕೊನೆಯಿಂದ ಶುರು ಮಾಡಿ

ಹುಟ್ಟಿದ್ದು 1820, ತೀರ್ಕೊಂಡಿದ್ದು 1891 ಅಂತ ಮೊದಲಿಂದ ಓದ್ಕೊಂಡು ಹೋದ್ರೆ ಈ ಸ್ವಿಸ್ ಶಿಲ್ಪಿ ತಲೇಲಿ ನಿಲ್ಲಲ್ಲ. ಸೀದಾ ಸ್ವಿಟ್ಜರ್ಲೆಂಡಿನ ಐರೋಲೊ ರೈಲ್ವೆ ಸ್ಟೇಷನ್‌ಗೆ ಹೋಗಿ. ಆಲ್ಪ್ಸ್ ಬೆಟ್ಟ ಕೊರೆದು ಮಾಡಿದ ಹಳೇ ಗೊಟ್‌ಹಾರ್ಡ್ ರೈಲು ಸುರಂಗದ ದಕ್ಷಿಣದ ಬಾಯಿ ಇರೋ ಊರು ಅದು. ಜ್ಯೂರಿಕ್ ಕಡೆಯಿಂದ ಬರೋರು ಸ್ವಲ್ಪ ಹುಷಾರು, ಫಾಸ್ಟ್ ಟ್ರೈನ್ ಹತ್ತಿದ್ರೆ 2016ರಲ್ಲಿ ಓಪನ್ ಆದ ಹೊಸ ಸುರಂಗದಲ್ಲಿ ನುಗ್ಗಿ ಆಚೆ ಹೋಗ್ಬಿಡತ್ತೆ, ಐರೋಲೊ ಸಿಗೋದೇ ಇಲ್ಲ. ಹಳೇ ಲೈನಿನ ಟ್ರೈನೇ ಹಿಡೀಬೇಕು.

ಸ್ಟೇಷನ್ ಹತ್ರ ಕಂಚಿನ ಉಬ್ಬುಶಿಲ್ಪ ಇದೆ, ಸುರಂಗದ ಕೂಲಿಯವರು ಸತ್ತೋದ ಜೊತೆಗಾರನ್ನ ಸ್ಟ್ರೆಚರ್ ಮೇಲೆ ಹೊತ್ಕೊಂಡು ಬರ್ತಿದಾರೆ. ‘ದುಡಿಮೆಯ ಬಲಿಗಳು’ ಅಂತ ಹೆಸರು. 1872ರಿಂದ 1882ರ ತನಕ 15 ಕಿಲೋಮೀಟರ್ ಕೊರೆಯೋದ್ರಲ್ಲಿ ಸುಮಾರು 200 ಜನ ಸತ್ರು. ಮಾಡಿಕೊಡಿ ಅಂತ ವೇಲಾಗೆ ಯಾರೂ ಕೇಳಿರಲಿಲ್ಲ, ಕೊನೆಗಾಲದಲ್ಲಿ ತಾವಾಗೇ ಮಾಡಿದ್ದು. ಕಂಚಿನದು ಇಲ್ಲಿ ನಿಂತಿದ್ದು 1932ರಲ್ಲಿ, ಅಷ್ಟೊತ್ತಿಗೆ ಅವ್ರು ಹೋಗಿ ನಲವತ್ತು ವರ್ಷ ಆಗಿತ್ತು. ಮುಖಗಳಿಗಿಂತ ಮುಂಚೆ ಭಾರ ಹೊತ್ತಿರೋ ಭುಜ, ಕಾಲು ನೋಡಿ.

ಅಲ್ಲಿಂದ ಮೆಂದ್ರಿಸಿಯೊಗೆ ಟ್ರೈನು, ಆಮೇಲೆ ಬಸ್ಸಲ್ಲಿ ಲಿಗೊರ್ನೆತ್ತೊ. ವೇಲಾ ಹುಟ್ಟಿದ ಹಳ್ಳಿ ಇದೇ, ಚಿಕ್ಕ ಹುಡುಗನಾಗೇ ಕಲ್ಲು ಕ್ವಾರಿ ಕೆಲಸಕ್ಕೆ ಸೇರಿದ್ದೂ ಈ ಸುತ್ತಮುತ್ತಲೇ. ಐರೋಲೊ ಮೊದಲು ನೋಡಿ ಅಂದಿದ್ದು ಯಾಕೆ ಅಂತ ಈಗ ಗೊತ್ತಾಯ್ತಲ್ಲ, ಕಲ್ಲು ಕೆಲಸದ ಕಷ್ಟ ಅವ್ರಿಗೂ ಗೊತ್ತಿತ್ತು. ಹೆಸರು ಬಂದ್ಮೇಲೆ ಇಲ್ಲೇ ದೊಡ್ಡ ಮನೆ ಕಟ್ಟಿಸಿದ್ರು, ಅದು 1898ರಿಂದ ಮ್ಯೂಸಿಯಂ. ಯಾವತ್ತು ತೆರೆದಿರತ್ತೆ ಅಂತ ಮೊದಲೇ ಚೆಕ್ ಮಾಡ್ಕೊಂಡು ಹೋಗಿ.

ಒಳಗಡೆ ಇರೋದು ಬಹುತೇಕ ಪ್ಲಾಸ್ಟರ್. ಅಯ್ಯೋ ಅಮೃತಶಿಲೆ ಇಲ್ವಾ ಅಂತ ಬೇಜಾರಾಗ್ಬೇಡಿ, ನನ್ ಕೇಳಿದ್ರೆ ಪ್ಲಾಸ್ಟರೇ ವಾಸಿ. ಆ ಕಾಲದಲ್ಲಿ ಶಿಲ್ಪಿ ಮೊದಲು ಜೇಡಿಮಣ್ಣಲ್ಲಿ ಮಾಡ್ತಿದ್ದ, ಅದರ ಅಚ್ಚಿಂದ ಪ್ಲಾಸ್ಟರ್ ಎರಕ ತೆಗೀತಿದ್ರು, ಆಮೇಲೆ ಕೆಲಸಗಾರರು ಪ್ಲಾಸ್ಟರ್ ಮೇಲೆ ಗುರುತು ಹಾಕಿ ಒಂದೊಂದು ಅಳತೆನೂ ಕಲ್ಲಿಗೆ ಇಳಿಸ್ತಿದ್ರು, ಅಂದ್ರೆ ಶಿಲ್ಪಿಯ ಬೆರಳಿಗೆ ಕಲ್ಲಿಗಿಂತ ಪ್ಲಾಸ್ಟರೇ ಹತ್ರ. ಬಗ್ಗಿ, ಪಕ್ಕದಿಂದ ಬೆಳಕು ಬೀಳೋ ಕಡೆ ನಿಂತು ನೋಡಿ.

‘ಸ್ಪಾರ್ಟಕಸ್’ ಬಿಡ್ಲೇಬೇಡಿ. ಸಂಕೋಲೆ ಹರ್ಕೊಂಡು ಕೈಯಲ್ಲಿ ಕಠಾರಿ ಹಿಡ್ದು ನುಗ್ತಿರೋ ಹಳೇ ರೋಮಿನ ಬಂಡಾಯಗಾರ ಗುಲಾಮ, ಆಗ ವೇಲಾ ಕೆಲಸ ಮಾಡ್ತಿದ್ದ ಇಟಲಿಯ ಮಿಲಾನ್ ಆಸ್ಟ್ರಿಯನ್ನರ ಕೈಲಿತ್ತು ಅಂತ ನೆನಪಿಟ್ಕೊಂಡು ನೋಡಿ. ವೇಲಾ ಬರೀ ಕೆತ್ತಿ ಸುಮ್ನಿರ್ಲಿಲ್ಲ, 1848ರಲ್ಲಿ ಆಸ್ಟ್ರಿಯನ್ನರ ವಿರುದ್ಧದ ಯುದ್ಧಕ್ಕೂ ಹೋಗಿದ್ರು, 1852ರಲ್ಲಿ ಮಿಲಾನಿನ ಅಕಾಡೆಮಿ ಕೊಟ್ಟ ಗೌರವ ಬೇಡ ಅಂದ್ರು, ಆಸ್ಟ್ರಿಯನ್ನರು ಊರು ಬಿಟ್ಟೇ ಓಡಿಸಿದ್ರು. ಇಟಲಿಯದೇ ಇನ್ನೊಂದು ಊರು ಟ್ಯೂರಿನ್‌ಗೆ ಹೋಗಿ ಅಲ್ಲಿ ಶಿಲ್ಪಕಲೆ ಮೇಷ್ಟ್ರಾದ್ರು.

ಇದ್ರ ಪಕ್ಕಕ್ಕೆ ‘ನೆಪೋಲಿಯನ್ನನ ಕೊನೇ ದಿನಗಳು’ ಇಟ್ಟು ನೋಡ್ಬೇಕು. ಸೋತ ಚಕ್ರವರ್ತಿ ಕುರ್ಚೀಲಿ ಕೂತಿದಾನೆ, ಕಾಲ ಮೇಲೆ ಹೊದಿಕೆ, ತೊಡೆ ಮೇಲೆ ಯುರೋಪಿನ ಮ್ಯಾಪು. 1867ರ ಪ್ಯಾರಿಸ್ ಪ್ರದರ್ಶನದಲ್ಲಿ ಜನ ಮುಗಿಬಿದ್ದಿದ್ದು ಇದಕ್ಕೇ. ಮುಖ ಆಮೇಲೆ, ಮೊದಲು ಮ್ಯಾಪಿನ ಮೇಲಿರೋ ಕೈ ನೋಡಿ.

ಟೈಮ್ ಇದ್ರೆ ಟ್ಯೂರಿನ್‌ಗೂ ಹೋಗ್ಬನ್ನಿ, ಪಿಯಾತ್ಸಾ ಕಾಸ್ತೆಲ್ಲೊದಲ್ಲಿ ಬಾವುಟ ಹಿಡ್ದಿರೋ ಸೈನಿಕನ ಸ್ಮಾರಕ ಇವರದ್ದೇ, ಬಯಲಲ್ಲೇ ಇರೋದ್ರಿಂದ ಟಿಕೆಟ್ ಗಿಕೆಟ್ ಏನೂ ಬೇಡ.